‘ಜ್ಯೋತಿ’ ಧ್ವನಿಮುದ್ರಿಕೆ: ಆರ್. ಎ. ರಮಾಮಣಿ ಅವರ ಗಾಯನ ಮತ್ತು ಜಾಜ್ ಸಂಗೀತದ ಸಂಬಂಧ

ಕರ್ನಾಟಕದ ಸಂಗೀತ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ವಾಗ್ಗೇಯಕಾರರು, ಆಸ್ಥಾನಗಳು, ಗುರುಪರಂಪರೆಗಳು, ಸಭೆಗಳು ಎಂಬ ಕ್ರಮದಲ್ಲಿ ಅಧ್ಯಾಯಗಳನ್ನು ವಿಂಗಡಿಸಿಕೊಳ್ಳುತ್ತಾರೆ. ಧ್ವನಿಮುದ್ರಿಕೆಯು ಈ ವಿಂಗಡಣೆಯಲ್ಲಿ ಹೆಚ್ಚೆಂದರೆ ಒಂದು ಅಡಿಟಿಪ್ಪಣಿ. ಗಾಯಕರೊಬ್ಬರ ಕಛೇರಿಯ ನೆರಳು ಎಂದಷ್ಟೇ ಅದನ್ನು ಪರಿಗಣಿಸುವುದು ವಾಡಿಕೆ. ಆದರೆ ಕೆಲವು ಧ್ವನಿಮುದ್ರಿಕೆಗಳು ಯಾವ ಕಛೇರಿಯ ನೆರಳೂ ಅಲ್ಲ. ಅವುಗಳಲ್ಲಿರುವ ಸಂಗೀತ ಅಲ್ಲಿಯೇ, ಆ ಮುದ್ರಣಶಾಲೆಯಲ್ಲಿಯೇ, ಆ ಕಲಾವಿದರ ಸಮಾಗಮದಲ್ಲಿಯೇ ಹುಟ್ಟಿದ್ದು. ಅಂಥವುಗಳಲ್ಲಿ ಬೆಂಗಳೂರಿನ ಗಾಯಕಿ ಆರ್. ಎ. ರಮಾಮಣಿ ಅವರ ಕಂಠವನ್ನು ಕೇಂದ್ರವಾಗಿ ಹೊಂದಿರುವ ‘ಜ್ಯೋತಿ’ಯೂ ಒಂದು. 1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬರ್ಗ್ ಪಟ್ಟಣದ ಬಾವರ್ ಮುದ್ರಣಶಾಲೆಯಲ್ಲಿ ಮುದ್ರಿತವಾದ ಈ ಕೃತಿಯನ್ನು ಮ್ಯೂನಿಕ್ಕಿನ ಇಸಿಎಂ ಸಂಸ್ಥೆ 1256ನೆಯ ಸಂಖ್ಯೆಯ ಪ್ರಕಟಣೆಯಾಗಿ ಹೊರತಂದಿತು. ನಿರ್ಮಾಪಕರು 1969ರಲ್ಲಿ ಆ ಸಂಸ್ಥೆಯನ್ನು ಸ್ಥಾಪಿಸಿದ ಮಾನ್‌ಫ್ರೆಡ್ ಐಕರ್.

ಧ್ವನಿಮುದ್ರಿಕೆಯ ಮುಖಪುಟದಲ್ಲಿ ಮೊದಲು ಕಾಣುವ ಹೆಸರು ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರದು, ಅನಂತರ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಆಮೇಲೆ ರಮಾಮಣಿ. ಈ ಅನುಕ್ರಮ ಮೇಲುನೋಟಕ್ಕೆ ವ್ಯಾಪಾರದ ಒಂದು ಸಣ್ಣ ಅನುಕೂಲವೆಂದು ತೋರಬಹುದು. ಯುರೋಪಿನ ಗ್ರಾಹಕರಿಗೆ ಪರಿಚಿತವಾದ ಹೆಸರು ಮುಂದೆ ಬರುವುದು ಸಹಜವೇ. ಆದರೆ ಗ್ರಂಥಾಲಯದ ಸೂಚೀಪತ್ರಕ್ಕೆ ಬರುವಾಗ ಈ ಅನುಕೂಲ ಒಂದು ಸಮಸ್ಯೆಯಾಗುತ್ತದೆ. ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಜಾಜ್ ಸಂಗೀತಕ್ಕೆ 781.65, ಪಾಶ್ಚಾತ್ಯೇತರ ಶಾಸ್ತ್ರೀಯ ಸಂಗೀತಕ್ಕೆ 781.69. ಮರಿಯಾನೊ ಹೆಸರಿನಡಿ, ಜಾಜ್ ವಿಭಾಗದಲ್ಲಿ ಇದು ದಾಖಲಾದರೆ ಕರ್ನಾಟಕದ ಸಂಗೀತವನ್ನು ಅರಸಿ ಬರುವ ಸಂಶೋಧಕನ ಕಣ್ಣಿಗೆ ರಮಾಮಣಿ ಬೀಳುವುದೇ ಇಲ್ಲ. ಹೀಗಾಗಿ ಈ ಕೃತಿ ಯಾವ ಪರಂಪರೆಗೆ ಸೇರಿದ್ದು ಎಂಬ ಪ್ರಶ್ನೆಯನ್ನು ಸಂಗೀತದ ಒಳಗಿನಿಂದಲೇ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಪಾಶ್ಚಾತ್ಯ ವಾದ್ಯಗಳೂ ವಾದ್ಯವೃಂದಗಳೂ ಕರ್ನಾಟಕಕ್ಕೆ ಹೊಸತಲ್ಲ. ಮೈಸೂರು ಅರಮನೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ ಪಾಶ್ಚಾತ್ಯ ವಾದ್ಯವೃಂದವಿತ್ತು. ಜರ್ಮನಿಯಿಂದ ಬಂದ ಆಟೋ ಶ್ಮಿಟ್ ಅದರ ಮುಖ್ಯಸ್ಥರಲ್ಲೊಬ್ಬರು. ಜಯಚಾಮರಾಜೇಂದ್ರ ಒಡೆಯರು ಒಂದೆಡೆ ಶ್ರೀವಿದ್ಯಾ ಅಂಕಿತದಲ್ಲಿ ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದರೆ, ಇನ್ನೊಂದೆಡೆ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಮುದ್ರಣಕ್ಕೆ ಲಂಡನ್ನಿನಲ್ಲಿ ಪೋಷಕರಾಗಿ ನಿಂತರು. 1940ರ ದಶಕದ ಕೊನೆಯಲ್ಲಿ ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ ಮೆಟ್ನರ್ ಅವರ ಪಿಯಾನೊ ಕಾನ್ಚೆರ್ಟೊಗಳು ಮುದ್ರಣಗೊಂಡದ್ದು ಈ ಪೋಷಣೆಯಿಂದ. ಗಮನಿಸಬೇಕಾದ ಅಂಶವೆಂದರೆ, ಒಬ್ಬನೇ ಅರಸನಲ್ಲಿ ನೆಲೆಸಿದ್ದ ಈ ಎರಡು ಆಸಕ್ತಿಗಳು ಅರಮನೆಯಲ್ಲಿ ಅಕ್ಕಪಕ್ಕ ಇದ್ದವು, ಒಂದರೊಳಗೊಂದು ಬೆರೆತಿರಲಿಲ್ಲ.

ಬೆರೆತದ್ದು ಬೇರೆ ದಾರಿಯಿಂದ. ಬಂಟ್ವಾಳ ತಾಲ್ಲೂಕಿನ ಸಜಿಪದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದೇ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮರುಳಾದರು. ತಂದೆಯಿಂದ ಬಂದ ನಾಗಸ್ವರದ ಬಾನಿಯನ್ನು ಆ ಲೋಹವಾದ್ಯಕ್ಕೆ ಒಗ್ಗಿಸಿ, ಕೀಲಿಗಳನ್ನು ಗಮಕಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡು, ಅದನ್ನು ಕಛೇರಿಯ ವಾದ್ಯವನ್ನಾಗಿ ಮಾಡಿದರು. 1980ರಲ್ಲಿ ಮುಂಬಯಿಯ ಜಾಜ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಉತ್ಸವಕ್ಕೆ ಆಹ್ವಾನಿತರಾದರು. 2019ರಲ್ಲಿ ಅವರು ನಿಧನರಾದಾಗ ಬಂದ ಲೇಖನಗಳಲ್ಲೆಲ್ಲ ಅವರು ಕರ್ನಾಟಕ ಸಂಗೀತದ ವಿದ್ವಾಂಸರೇ. ಯಾರೂ ಅವರನ್ನು ಜಾಜ್ ವಿಭಾಗಕ್ಕೆ ಸೇರಿಸಲಿಲ್ಲ. ವಾದ್ಯ ಹೊರಗಿನದಾದರೂ ಸಂಗೀತ ಒಳಗಿನದು ಎಂಬುದು ಎಲ್ಲರಿಗೂ ಸ್ಪಷ್ಟವಾಗಿತ್ತು. ರಮಾಮಣಿ ಅವರ ವಿಷಯದಲ್ಲಿ ವಾದ್ಯ (ಅಂದರೆ ಕಂಠ) ಒಳಗಿನದೇ; ಆದರೂ ಸಂದೇಹ ಉಳಿದುಕೊಂಡಿತು.

ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಹೆಸರಿನಲ್ಲಿ ಕಾಲೇಜಾದರೂ ಒಂದು ವಾದನ ತಂಡವೂ ಹೌದು. ರಮಾಮಣಿ ಅವರು ಮಣಿ ಅವರ ಪತ್ನಿ. ತಂಡದ ಗಾಯಕಿ ಹಾಗೂ ರಚನೆಗಾರ್ತಿ. ಮ್ಯೂನಿಕ್ಕಿನ ‘ಎಂಬ್ರಿಯೊ’ ಎಂಬ ತಂಡ 1978-79ರಲ್ಲಿ ಬಸ್ಸಿನಲ್ಲಿ ಭೂಮಾರ್ಗವಾಗಿ ಭಾರತಕ್ಕೆ ಬಂದದ್ದು, ಈ ಕಾಲೇಜಿನ ಕಲಾವಿದರೊಂದಿಗೆ ಒಡನಾಡಿದ್ದು, ಅದರ ಫಲವಾಗಿ 1980ರಲ್ಲಿ ಮರಿಯಾನೊ ಅವರೂ ಸೇರಿದ ‘ಲೈಫ್’ ಎಂಬ ಧ್ವನಿಮುದ್ರಿಕೆ ಬಂದದ್ದು ಈ ಸಂಬಂಧದ ಆರಂಭದ ಘಟ್ಟ.

ಮರಿಯಾನೊ (1923–2009) ಅವರೂ ಕುತೂಹಲಕ್ಕಾಗಿ ಬಂದ ಪ್ರವಾಸಿಗರಲ್ಲ. ಬಾಸ್ಟನ್ನಿನಲ್ಲಿ ಹುಟ್ಟಿ, ಸ್ಟಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದದಲ್ಲಿ ಪಳಗಿ, 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ ಪ್ರಸಿದ್ಧ ಕೃತಿಯೊಂದರಲ್ಲಿ ಪ್ರಧಾನ ಸ್ವರವಾಗಿ ಕೇಳಿಸಿದ ಈ ವಾದಕ 1960ರ ದಶಕದಲ್ಲಿ ಕೌಲಾಲಂಪುರದಲ್ಲಿದ್ದಾಗ ನಾಗಸ್ವರಕ್ಕೆ ಮನಸೋತರು. ಮುಂದೆ ದಕ್ಷಿಣ ಭಾರತಕ್ಕೆ ಬಂದು ಅದನ್ನು ಕ್ರಮವಾಗಿ ಕಲಿತರು. ನಾಗಸ್ವರದಿಂದ ಸ್ಯಾಕ್ಸೋಫೋನಿಗೆ ಹೋದ ಕದ್ರಿಯವರು ಮತ್ತು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ ಬಂದ ಮರಿಯಾನೊ ಒಂದೇ ದಾರಿಯಲ್ಲಿ ಎದುರುಬದುರಾಗಿ ನಡೆದವರು.

ಯಾರು ಏನನ್ನು ಬಿಟ್ಟುಕೊಟ್ಟರು?

‘ಜ್ಯೋತಿ’ಯ ಕಲಾವಿದರ ಪಟ್ಟಿಯೇ ಅರ್ಧ ವಿವರಣೆ. ರಮಾಮಣಿ: ಗಾಯನ ಮತ್ತು ತಂಬೂರಿ. ಟಿ. ಎ. ಎಸ್. ಮಣಿ: ಮೃದಂಗ. ಆರ್. ಎ. ರಾಜಗೋಪಾಲ್: ಘಟ, ಮೋರ್ಚಿಂಗ್, ಕೊನ್ನಕ್ಕೋಲು. ಟಿ. ಎನ್. ಶಶಿಕುಮಾರ್: ಖಂಜಿರ, ಕೊನ್ನಕ್ಕೋಲು. ಮರಿಯಾನೊ: ಸೊಪ್ರಾನೊ ಮತ್ತು ಆಲ್ಟೊ ಸ್ಯಾಕ್ಸೋಫೋನು, ಕೊಳಲು. ಇಷ್ಟೆ. ಈ ಪಟ್ಟಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದು ಹೆಚ್ಚು ಮುಖ್ಯ.

ಮೊದಲನೆಯದಾಗಿ ಇಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ, ಬಾಸ್ ಇಲ್ಲ. ಅಂದರೆ ಜಾಜ್ ಸಂಗೀತದ ಬೆನ್ನೆಲುಬೆನಿಸಿದ ಸ್ವರಮೇಳದ ನಡೆಗೆ, ಕಾರ್ಡುಗಳ ಪರಂಪರೆಗೆ, ಇಲ್ಲಿ ಆಸ್ಪದವೇ ಇಲ್ಲ. ಎರಡನೆಯದಾಗಿ ಪಿಟೀಲು ಇಲ್ಲ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಗಾಯಕಿಯ ಪಕ್ಕದಲ್ಲಿ ಕುಳಿತು ಆಕೆಯ ಪ್ರತಿ ಸಂಚಾರವನ್ನೂ ಹಿಂಬಾಲಿಸುವ ಪಿಟೀಲಿನ ಸ್ಥಾನದಲ್ಲಿ ಸ್ಯಾಕ್ಸೋಫೋನು ಬಂದು ಕುಳಿತಿದೆ. ಆದರೆ ಮರಿಯಾನೊ ಅವರ ಕೆಲಸ ಹಿಂಬಾಲಿಸುವುದಲ್ಲ, ಉತ್ತರ ಕೊಡುವುದು. ಮೂರನೆಯದಾಗಿ ತ್ಯಾಗರಾಜರ ಕೃತಿಯಾಗಲಿ ದಾಸರ ಪದವಾಗಲಿ ಇಲ್ಲ. ‘ವಾಯ್ಸ್ ಸೋಲೊ’ ಎಂಬ ಒಂಟಿ ಗಾಯನದಿಂದ ತೊಡಗಿ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’ಗಳನ್ನು ದಾಟಿ ‘ಭಜನ್’ ಎಂಬಲ್ಲಿ ಮುಗಿಯುವ ಆರು ರಚನೆಗಳು ಇಲ್ಲಿವೆ. ಮೊದಲಿಗೆ ಆಲಾಪ, ಕೊನೆಗೆ ಭಜನೆ: ಕಛೇರಿಯ ಅಚ್ಚು ಹೆಸರುಗಳ ಮಟ್ಟಿಗಾದರೂ ಉಳಿದಿದೆ; ಅದರ ನಡುವಿನ ತಿರುಳಾದ ಕೃತಿಯನ್ನು ಬಿಡಲಾಗಿದೆ.

ಹೀಗೆ ಎರಡೂ ಪಕ್ಷಗಳು ತಮಗೆ ಅತ್ಯಂತ ಪ್ರಿಯವಾದುದನ್ನು ಬಾಗಿಲ ಹೊರಗಿಟ್ಟು ಒಳಗೆ ಬಂದಿವೆ. ಜಾಜ್ ಕಾರ್ಡುಗಳನ್ನು ಬಿಟ್ಟಿತು. ಕರ್ನಾಟಕ ಸಂಗೀತ ಕೃತಿಯನ್ನು ಬಿಟ್ಟಿತು. ನನ್ನ ಅಭಿಪ್ರಾಯದಲ್ಲಿ ಈ ವಿನಿಮಯ ಸಮಾನವಾದುದಲ್ಲ. 1959ರಲ್ಲಿ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಬಂದ ಮೇಲೆ ಕಾರ್ಡುಗಳ ಓಟವನ್ನು ತಗ್ಗಿಸಿ ಒಂದೇ ಸ್ವರಶ್ರೇಣಿಯಲ್ಲಿ ದೀರ್ಘಕಾಲ ವಿಹರಿಸುವುದು ಜಾಜ್ ಲೋಕದಲ್ಲಿ ರೂಢಿಯಾಗಿತ್ತು. ಆದುದರಿಂದ ತಂಬೂರಿಯ ಮುಂದೆ ಕುಳಿತ ಮರಿಯಾನೊ ತಮ್ಮ ಪರಂಪರೆಯ ಒಳಗಣ ಒಂದು ಕೋಣೆಯಿಂದ ಇನ್ನೊಂದಕ್ಕೆ ಬಂದರು ಎನ್ನಬಹುದು. ರಮಾಮಣಿ ಅವರು ಬಿಟ್ಟದ್ದು ಅದಕ್ಕಿಂತ ದೊಡ್ಡದು. ಸಾಹಿತ್ಯದ ಅರ್ಥ, ಭಕ್ತಿಯ ಸಂದರ್ಭ, ಶ್ರೋತೃವಿಗೆ ಮೊದಲೇ ತಿಳಿದಿರುವ ಪಲ್ಲವಿಯ ಆಸರೆ, ಇವೆಲ್ಲವನ್ನೂ ಬಿಟ್ಟು ಬರಿಯ ಸ್ವರ ಮತ್ತು ಲಯದ ಮೇಲೆ ನಿಲ್ಲುವ ಸಾಹಸ ಅದು.

ಸ್ವರಕಲ್ಪನೆ ಮತ್ತು ‘ಸ್ಕ್ಯಾಟ್’

ಜಾಜ್ ಗಾಯನದಲ್ಲಿ ಅರ್ಥವಿಲ್ಲದ ಅಕ್ಷರಗಳನ್ನು ಬಳಸಿ ಕಂಠವನ್ನು ವಾದ್ಯದಂತೆ ನುಡಿಸುವ ಕ್ರಮಕ್ಕೆ ‘ಸ್ಕ್ಯಾಟ್’ ಎಂದು ಹೆಸರು. 1926ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಅದನ್ನು ಜನಪ್ರಿಯಗೊಳಿಸಿದರು. ಎಲಾ ಫಿಟ್ಜ್‌ಜೆರಾಲ್ಡ್ ಅದನ್ನು ಶಿಖರಕ್ಕೇರಿಸಿದರು. ರಮಾಮಣಿ ಅವರ ಸ್ವರಗಾಯನವನ್ನು ಕೇಳಿದ ಯುರೋಪಿನ ಕಿವಿಗೆ ಅದು ಸ್ಕ್ಯಾಟ್‌ನ ಬಂಧುವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆದರೆ ಎರಡಕ್ಕೂ ಮೂಲಭೂತ ವ್ಯತ್ಯಾಸವಿದೆ. ಸ್ಕ್ಯಾಟ್‌ನಲ್ಲಿ ಯಾವ ಅಕ್ಷರಕ್ಕೆ ಯಾವ ಸ್ವರ ಎಂಬ ಕಟ್ಟಳೆ ಇಲ್ಲ. ನಮ್ಮ ಸ್ವರಕಲ್ಪನೆಯಲ್ಲಿ ಗಾಯಕಿ ‘ಗ’ ಎಂದರೆ ಅದು ಗಾಂಧಾರವೇ ಆಗಿರಬೇಕು. ಹಾಡುವ ಕ್ಷಣದಲ್ಲಿಯೇ ಆಕೆ ತನ್ನ ಹಾಡಿನ ಲೆಕ್ಕವನ್ನು ಬಾಯಿಬಿಟ್ಟು ಹೇಳುತ್ತಾಳೆ. ತಪ್ಪಿದರೆ ಸಭೆಯಲ್ಲಿ ಕುಳಿತ ಮಗುವಿಗೂ ಗೊತ್ತಾಗುತ್ತದೆ. ಜಾಜ್ ಗಾಯಕನ ಸ್ವಾತಂತ್ರ್ಯ ಅಕ್ಷರದಲ್ಲಿದೆ; ನಮ್ಮ ಗಾಯಕಿಯ ಸ್ವಾತಂತ್ರ್ಯ ಜೋಡಣೆಯಲ್ಲಿದೆ.

ಕೊನ್ನಕ್ಕೋಲು ಇದಕ್ಕೆ ಪೂರಕ. ಅಲ್ಲಿ ಅಕ್ಷರಕ್ಕೆ ಸ್ಥಾಯಿಯ ಕಟ್ಟು ಇಲ್ಲ, ಕಾಲದ ಕಟ್ಟು ಇದೆ. ‘ತದಿಗಿಣತೊಂ’ ಎಂದರೆ ಐದು ಮಾತ್ರೆ. ಆದಿತಾಳದ ಒಂದು ಆವರ್ತವನ್ನು ಮೂವತ್ತೆರಡು ಮಾತ್ರೆಗಳೆಂದು ಎಣಿಸಿದರೆ, ಈ ಐದನ್ನು ಮೂರು ಸಲ ನುಡಿದು, ನಡುವಿನ ಎರಡು ಎಡೆಗಳಲ್ಲಿ ಮೂರು ಮೂರು ಮಾತ್ರೆ ವಿರಾಮ ಕೊಟ್ಟರೆ ಒಟ್ಟು ಇಪ್ಪತ್ತೊಂದಾಗುತ್ತದೆ. ಆದುದರಿಂದ ಹನ್ನೊಂದು ಮಾತ್ರೆಗಳನ್ನು ಬಿಟ್ಟು ಹನ್ನೆರಡನೆಯದರಲ್ಲಿ ಎತ್ತಿದವನು ಮುಂದಿನ ಆವರ್ತದ ಸಮಕ್ಕೆ ಸರಿಯಾಗಿ ಬಂದು ನಿಲ್ಲುತ್ತಾನೆ. ಇದು ಬಾಲಪಾಠ, ವಿದ್ವಾಂಸರ ಕೋರ್ವೆಗಳು ಇದಕ್ಕಿಂತ ಎಷ್ಟೋ ಜಟಿಲ. ಸಮಕ್ಕೆ ಬರುವ ಆ ಕ್ಷಣದ ಬಿಡುಗಡೆಯನ್ನು ಮಾತ್ರ ಯಾವ ದೇಶದ ವಾದಕನಾದರೂ ಗುರುತಿಸಬಲ್ಲ. ಮರಿಯಾನೊ ಅವರಿಗೂ ತಾಳವಾದ್ಯದವರಿಗೂ ನಡುವಣ ನಿಜವಾದ ಸಮಾನ ಭೂಮಿ ಇದುವೇ ಎಂದು ತೋರುತ್ತದೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಸೇರಿಸಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ, ನಿಲ್ಕುಂದದಂಥ ಘಟ್ಟದ ಮೇಲಿನ ಊರುಗಳ ಶ್ರೋತೃಗಳಿಗೆ ಗಾಯನ ಮತ್ತು ಚರ್ಮವಾದ್ಯಗಳ ಈ ನೇರ ಸಂಬಂಧ ವಿಸ್ಮಯದ ಸಂಗತಿಯಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಭಾಗವತರು, ಮದ್ದಳೆ, ಚಂಡೆ ಇಷ್ಟೇ ಹಿಮ್ಮೇಳ. ಅಲ್ಲಿಯೂ ಕಾರ್ಡುಗಳಿಲ್ಲ, ಪಿಟೀಲಿಲ್ಲ. ಹಿಂದೆ ಪುಂಗಿ, ಈಗ ಹಾರ್ಮೋನಿಯಂ ಹಿಡಿದ ಶ್ರುತಿಯ ಮೇಲೆ ಕಂಠವೊಂದೇ ಇಡೀ ರಂಗವನ್ನು ನಡೆಸುತ್ತದೆ. ತ್ರಿವುಡೆಯ ಏಳರ ಲೆಕ್ಕ, ಝಂಪೆಯ ಐದರ ಗುಣಿತಗಳು ಹೊಲದ ಕೆಲಸ ಮುಗಿಸಿ ಬಂದು ಆಟ ನೋಡುವವರಿಗೂ ಕಾಲ್ಬೆರಳ ತುದಿಯಲ್ಲಿರುತ್ತವೆ. ಐದರ ಎಣಿಕೆ ಅಮೆರಿಕದ ಸಾಮಾನ್ಯ ಶ್ರೋತೃವಿಗೆ ಮುಟ್ಟಬೇಕಾದರೆ 1959ರಲ್ಲಿ ಡೇವ್ ಬ್ರೂಬೆಕ್ ಅವರ ತಂಡ ಅದಕ್ಕಾಗಿಯೇ ಒಂದು ಧ್ವನಿಮುದ್ರಿಕೆಯನ್ನು ತರಬೇಕಾಯಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಇನ್ನು ಸ್ಯಾಕ್ಸೋಫೋನೇ ಯಕ್ಷಗಾನಕ್ಕೆ ಬಂದದ್ದುಂಟು. ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲು ಮತ್ತು ಸ್ಯಾಕ್ಸೋಫೋನನ್ನು ಬಳಸಿದರು. ಸಂಪ್ರದಾಯಸ್ಥರ ಆಕ್ಷೇಪಕ್ಕೂ ಗುರಿಯಾದರು. ಆ ಚರ್ಚೆಯಲ್ಲಿಯೂ ಕೇಂದ್ರ ಪ್ರಶ್ನೆ ವಾದ್ಯದ ಜಾತಿಯದಾಗಿತ್ತೇ ಹೊರತು, ಭಾಗವತರ ಕಂಠಕ್ಕೂ ಆ ವಾದ್ಯಕ್ಕೂ ಏರ್ಪಟ್ಟ ಸಂಬಂಧ ಎಂಥದು ಎಂಬುದಾಗಿರಲಿಲ್ಲ. ಅಲ್ಲಿಯೇ ತೊಡಕು.

ವಾದ್ಯವೃಂದದ ಪ್ರಶ್ನೆ

ಜಾಜ್ ಮತ್ತು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಪರಸ್ಪರ ಹತ್ತಿರ ಬಂದ ಸಂದರ್ಭಗಳು ಹಲವು. 1957ರಲ್ಲಿ ಗುಂಥರ್ ಶುಲ್ಲರ್ ಇದಕ್ಕೆ ‘ತೃತೀಯ ಧಾರೆ’ ಎಂದು ಹೆಸರಿಟ್ಟರು. 1960ರಲ್ಲಿ ಮೈಲ್ಸ್ ಡೇವಿಸ್ ಮತ್ತು ಗಿಲ್ ಇವಾನ್ಸ್ ಸ್ಪೇನಿನ ರೊಡ್ರಿಗೊ ಅವರ ಗಿಟಾರ್ ಕಾನ್ಚೆರ್ಟೊದ ಆಧಾರದ ಮೇಲೆ ‘ಸ್ಕೆಚಸ್ ಆಫ್ ಸ್ಪೇನ್’ ರೂಪಿಸಿದರು. 1963ರಲ್ಲಿ ಸ್ವಿಂಗಲ್ ಸಿಂಗರ್ಸ್ ಬಾಖ್‌ನ ಕೃತಿಗಳನ್ನು ಪದಗಳಿಲ್ಲದೆ ಹಾಡಿದರು. ಜಾಜ್ ಗಾಯಕರು ತಂತಿವಾದ್ಯಗಳ ದೊಡ್ಡ ವೃಂದದ ಮುಂದೆ ನಿಂತು ಶಾಸ್ತ್ರೀಯ ಛಾಯೆಯ ಗೀತೆಗಳನ್ನು ಹಾಡುವುದು ಅನಂತರ ಒಂದು ಪ್ರಭೇದವಾಗಿಯೇ ಬೆಳೆಯಿತು. ಅಲ್ಲಿ ವೃಂದವು ಗಾಯಕಿಗೆ ಕಾಲಿಡುವ ನೆಲವನ್ನು ಒದಗಿಸುತ್ತದೆ; ಆ ನೆಲ ಚಲಿಸುತ್ತಲೇ ಇರುತ್ತದೆ.

ಭಾರತೀಯ ಗಾಯಕಿಯನ್ನು ಆ ನೆಲದ ಮೇಲೆ ನಿಲ್ಲಿಸಿದಾಗ ಏನಾಗುತ್ತದೆ? ಮೋಹನ ರಾಗವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸ ರಿ ಗ ಪ ದ ಎಂಬ ಐದು ಸ್ವರಗಳನ್ನು ಹಾಡುತ್ತಿರುವಾಗ ಕೆಳಗಿನ ಮಂದ್ರವಾದ್ಯ ಷಡ್ಜವನ್ನು ಬಿಟ್ಟು ರಿಷಭವನ್ನು ಆಧಾರವಾಗಿ ಹಿಡಿಯಿತೆನ್ನಿ. ಗಾಯಕಿ ಒಂದು ಸ್ವರವನ್ನೂ ಬದಲಿಸಿಲ್ಲ. ಆದರೂ ಕೇಳುವವನ ಕಿವಿಯಲ್ಲಿ ಮೋಹನ ಕರಗಿ ಮಧ್ಯಮಾವತಿ ಮೂಡತೊಡಗುತ್ತದೆ. ಗಾಂಧಾರಕ್ಕೆ ಸರಿದರೆ ಹಿಂದೋಳ. ನಮ್ಮ ಶಾಸ್ತ್ರದಲ್ಲಿ ಇದು ಗ್ರಹಭೇದ. ವಿದ್ವಾಂಸರು ಅಪರೂಪಕ್ಕೆ, ಕ್ಷಣಕಾಲ, ಎಚ್ಚರಿಕೆಯಿಂದ ತೋರಿಸಿ ಹಿಂತಿರುಗುವ ಚಮತ್ಕಾರ. ಕಾರ್ಡುಗಳ ಸಂಗೀತದಲ್ಲಿ ಇದು ಪ್ರತಿ ಎರಡು ಮೂರು ಕ್ಷಣಗಳಿಗೊಮ್ಮೆ ನಡೆಯುವ ಸಾಮಾನ್ಯ ವ್ಯಾಪಾರ. ರಾಗದ ವ್ಯಕ್ತಿತ್ವವು ಸ್ಥಿರವಾದ ಷಡ್ಜದೊಂದಿಗಿನ ಸಂಬಂಧದಿಂದಲೇ ಹುಟ್ಟುವುದರಿಂದ ಚಲಿಸುವ ನೆಲದ ಮೇಲೆ ರಾಗ ಬದುಕುವುದು ಕಷ್ಟ. ಚಲನಚಿತ್ರ ಸಂಗೀತ ಈ ಸಮಸ್ಯೆಯನ್ನು ರಾಗವನ್ನು ತೆಳುಗೊಳಿಸಿ ಪರಿಹರಿಸಿಕೊಂಡಿತು. ಅದು ತಪ್ಪೆಂದಲ್ಲ, ಅದರ ಉದ್ದೇಶವೇ ಬೇರೆ.

‘ಜ್ಯೋತಿ’ ಈ ಸಮಸ್ಯೆಯನ್ನು ತಂಬೂರಿಯನ್ನು ಉಳಿಸಿಕೊಂಡು ಪರಿಹರಿಸಿತು. ವಾದ್ಯವೃಂದದ ಸ್ಥಾನವನ್ನು ಅಲ್ಲಿ ಮೃದಂಗ, ಘಟ, ಖಂಜಿರ, ಮೋರ್ಚಿಂಗ್‌ಗಳ ಸಮೂಹ ತುಂಬುತ್ತದೆ. ತಾಳವಾದ್ಯ ಕಛೇರಿಯ ಪದ್ಧತಿ ನಮ್ಮಲ್ಲಿ ಮೊದಲೇ ಇತ್ತು. ಆ ಸಮೂಹವನ್ನು ತನಿ ಆವರ್ತನದ ಸ್ಪರ್ಧೆಯಿಂದ ಬಿಡಿಸಿ ಗಾಯನದ ಸುತ್ತ ಹಬ್ಬಿಸಿದ್ದು ಈ ತಂಡದ ವಿಶೇಷ. ಘಟದ ಲೋಹದಂಥ ಅನುರಣನ, ಖಂಜಿರದ ಜಗ್ಗಿದ ಮಂದ್ರಧ್ವನಿ, ಮೋರ್ಚಿಂಗಿನ ಝೇಂಕಾರ ಇವು ಬೇರೆ ಬೇರೆ ಬಣ್ಣಗಳು. ಕಛೇರಿಯ ಸಭಾಂಗಣದಲ್ಲಿ ಮೃದಂಗದ ಅಬ್ಬರದಲ್ಲಿ ಮುಳುಗುವ ಈ ಬಣ್ಣಗಳು, ನಿಶ್ಶಬ್ದಕ್ಕೂ ಬೆಲೆ ಕೊಡುವುದರಲ್ಲಿ ಹೆಸರಾದ ಆ ಸಂಸ್ಥೆಯ ಮುದ್ರಣಕ್ರಮದಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತವೆ. ಕಛೇರಿಗಳ ನಮ್ಮ ಧ್ವನಿವರ್ಧಕ ವ್ಯವಸ್ಥೆಯನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಮುಂದಿನ ವರ್ಷಗಳಲ್ಲಿ ಈ ತಂಡ ದೊಡ್ಡ ವೃಂದದ ಸವಾಲನ್ನೂ ಎದುರಿಸಿತು. ಲೂಯಿ ಬ್ಯಾಂಕ್ಸ್ ಅವರ ಇಂಡೋ-ಜಾಜ್ ಪ್ರಯೋಗಗಳಲ್ಲಿ ರಮಾಮಣಿ ಹಾಡಿದರು. ಕಲೋನ್ ನಗರದ ಡಬ್ಲ್ಯೂಡಿಆರ್ ರೇಡಿಯೊದ ಬಿಗ್ ಬ್ಯಾಂಡ್ ಮೈಕ್ ಹರ್ಟಿಂಗ್ ಅವರ ನೇತೃತ್ವದಲ್ಲಿ ಕಾಲೇಜಿನ ಕಲಾವಿದರೊಂದಿಗೆ ರೂಪಿಸಿದ ಕೃತಿಗೆ ‘ಸ್ಕೆಚಸ್ ಆಫ್ ಬ್ಯಾಂಗಲೋರ್’ ಎಂದು ಹೆಸರು. ಡೇವಿಸ್ ಮತ್ತು ಇವಾನ್ಸ್ ಅವರ ಸ್ಪೇನಿನ ನೆನಪನ್ನು ಆ ಹೆಸರೇ ತರುತ್ತದೆ. ತುತೂರಿಗಳ ಆ ದೊಡ್ಡ ದಳ ಸ್ವಭಾವತಃ ಕಾರ್ಡುಗಳಲ್ಲಿ ಮಾತನಾಡುವಂಥದು. ಆದುದರಿಂದ ಅಂಥ ಕೃತಿಯನ್ನು ಅಧ್ಯಯನ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ, ಸಂಯೋಜಕ ಷಡ್ಜವನ್ನು ಎಲ್ಲೆಲ್ಲಿ ಕದಲಿಸಿದ್ದಾನೆ, ಕದಲಿದಾಗ ಗಾಯಕಿ ಏನು ಮಾಡಿದ್ದಾಳೆ ಎಂಬುದು. ಹಾಡಿನ ಯಾವ ಭಾಗದಲ್ಲಿ ರಾಗ ಉಳಿಯಿತು, ಯಾವ ಭಾಗದಲ್ಲಿ ಸ್ವರಶ್ರೇಣಿಯಷ್ಟೇ ಉಳಿಯಿತು ಎಂಬುದನ್ನು ಆವರ್ತ ಆವರ್ತವಾಗಿ ಗುರುತಿಸಬಹುದಾಗಿದೆ. ಸಂಗೀತ ಸ್ನಾತಕೋತ್ತರ ವಿಭಾಗಗಳಲ್ಲಿ ಮಾಡಿಸಲು ಇದಕ್ಕಿಂತ ಉಪಯುಕ್ತವಾದ ಅಭ್ಯಾಸ ಕಡಿಮೆ.

ದಾಖಲೀಕರಣದ ವಿಚಾರ

ಈ ವಿವೇಚನೆಯ ಬೆಳಕಿನಲ್ಲಿ ಮೊದಲಿನ ಪ್ರಶ್ನೆಗೆ ಬರಬಹುದು. ಆಧಾರಶ್ರುತಿ ತಂಬೂರಿಯದು, ತಾಳದ ವ್ಯವಸ್ಥೆ ನಮ್ಮದು, ಗಾಯನದ ವಿಸ್ತಾರ ಸ್ವರಕಲ್ಪನೆಯ ದಾರಿಯದು, ಐವರಲ್ಲಿ ನಾಲ್ವರು ಬೆಂಗಳೂರಿನ ಕಾಲೇಜಿನವರು. ಜಾಜ್‌ನಿಂದ ಬಂದದ್ದು ಒಬ್ಬ ವಾದಕನ ಧ್ವನಿ ಮತ್ತು ಸಂವಾದದ ಮನೋಧರ್ಮ. ಇಷ್ಟಾದರೂ ಇದನ್ನು ಶುದ್ಧ ಕರ್ನಾಟಕ ಸಂಗೀತವೆಂದು ಹಟ ಹಿಡಿಯುವುದು ಇನ್ನೊಂದು ಬಗೆಯ ಅವಿವೇಕವಾದೀತು. ಕೃತಿಯಿಲ್ಲದ, ಪಿಟೀಲಿಲ್ಲದ ಈ ಸಂಗೀತವನ್ನು ಸಭೆಗಳ ರಸಿಕರು ತಮ್ಮದೆಂದು ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಸೂಚೀಪತ್ರ ಮಾತ್ರ ರಸಿಕರ ಇಷ್ಟಾನಿಷ್ಟಗಳನ್ನು ಅನುಸರಿಸಬೇಕಾಗಿಲ್ಲ. ಒಂದೇ ಧ್ವನಿಮುದ್ರಿಕೆಗೆ ಎರಡು ವರ್ಗಾಂಕಗಳ ಅಡಿಯಲ್ಲಿ ಉಲ್ಲೇಖ, ಪ್ರತಿಯೊಬ್ಬ ಕಲಾವಿದರ ಹೆಸರಿನಲ್ಲಿ ಪ್ರತ್ಯೇಕ ನಮೂದು, ಗಾಯನ ಮತ್ತು ವಾದ್ಯಗಳ ವಿವರ, ಮುದ್ರಣದ ಸ್ಥಳ ಮತ್ತು ಕಾಲ, ಪ್ರಕಟಣೆಯ ಸಂಖ್ಯೆ, ಇಷ್ಟನ್ನು ದಾಖಲಿಸುವುದು ಗ್ರಂಥಪಾಲಕರಿಗೆ ಕಷ್ಟದ ಕೆಲಸವಲ್ಲ. ರಮಾಮಣಿ ಅವರ ಹೆಸರಿನಲ್ಲಿ ಹುಡುಕಿದವನಿಗೆ ‘ಜ್ಯೋತಿ’ ಸಿಗುವಂತಾಗಬೇಕು. ಘಟ ಎಂದು ಹುಡುಕಿದವನಿಗೂ ಸಿಗಬೇಕು.

ಕಲಾವಿದರ ಜೀವನಚರಿತ್ರೆಗಳಲ್ಲಿ ವಿದೇಶ ಪ್ರವಾಸಗಳ ಪಟ್ಟಿ ಕೊಡುವ ಸಂಪ್ರದಾಯ ನಮ್ಮಲ್ಲಿದೆ. ಎಷ್ಟು ದೇಶ, ಎಷ್ಟು ಕಾರ್ಯಕ್ರಮ ಎಂಬುದರ ಜೊತೆಗೆ ಅಲ್ಲಿ ಯಾರೊಂದಿಗೆ, ಯಾವ ಶ್ರುತಿಯಲ್ಲಿ, ಯಾವ ತಾಳದಲ್ಲಿ ಏನನ್ನು ಹಾಡಿದರು ಎಂಬುದನ್ನೂ ಕಲಾವಿದರಿಂದಲೇ ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ನಡೆಯಬೇಕಾಗಿದೆ. ಆ ಪೀಳಿಗೆಯವರ ಬಾಯಿಂದ ಕೇಳಬಹುದಾದುದನ್ನು ಮುಂದೆ ಧ್ವನಿಮುದ್ರಿಕೆಯಿಂದ ಊಹಿಸಬೇಕಾಗುತ್ತದೆ.